ಮಸ್ಕಿ ರಾಜುವಿನ ಹೈ ಸ್ಕೋರ್

“ಹೋತೂ…”

ಹತ್ತು ಹನ್ನೆರಡು ಗಂಟಲುಗಳಿಂದ ಒಟ್ಟಿಗೇ ಹೊರಡುತ್ತಿದ್ದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸಿಂಧನೂರಿನ ಬಸ್ ಸ್ಟ್ಯಾಂಡ್ ಹಿಂದೆ ನಮ್ಮದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಕರೆಂಟ್ ಹೋದೊಡನೆ ಮಷಿನ್ “ಪ್ಯೂಂ” ಎಂದು ಉಸಿರು ಬಿಡುತ್ತಿತ್ತು. ಅದರ ಹಿಂದೆಯೇ ಹುಡುಗರ ಈ ಗೋಳು.

ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ಕಪಾಟಿನಷ್ಟು ಎತ್ತರದ ಮರದ ಡಬ್ಬಿ. ಒಳಗೊಂದು ಟಿವಿ, ಮುಂದೆ ಒಂದು ಹಿಡಿಕೆ, ಎರಡು ಗುಂಡಿ. ನಾಣ್ಯ ಹಾಕಿದರೆ ಪುಟ್ಟ ವಿಮಾನವೊಂದು ಬರುತ್ತಿತ್ತು. ಮೇಲಿನಿಂದ ಬೀಳುವುದನ್ನೆಲ್ಲ ಸುಡುತ್ತ ಹೋಗಬೇಕು, ಅಷ್ಟೇ ಆಟ. ನಮ್ಮ ಯಜಮಾನರು ಅದನ್ನು ಹೈದರಾಬಾದಿನಿಂದ ಲಾರಿಯಲ್ಲಿ ತರಿಸಿದ್ದರು. ಬೆಳಿಗ್ಗೆ ನಾನು ನರ್ಸರಿ ಮಕ್ಕಳಿಗೆ ಎಬಿಸಿಡಿ ಕಲಿಸುತ್ತಿದ್ದೆ, ಮಧ್ಯಾಹ್ನದಿಂದ ಅಂಗಡಿಯ ಗಲ್ಲಾದ ಮೇಲೆ ಕೂರುತ್ತಿದ್ದೆ. (ಕಾನ್ವೆಂಟ್‌ನಲ್ಲಿ ಓದಿದ ಹುಡುಗಿ ಗಲ್ಲಾದ ಮೇಲೆ ಕೂತಳಲ್ಲ ಎಂದು ತವರಿನವರು ವರ್ಷಗಟ್ಟಲೆ ಮರುಗಿದರು. ನಿಜ ಹೇಳಲೇ? ನನಗೆ ಎಬಿಸಿಡಿಗಿಂತ ಅದೇ ಹೆಚ್ಚು ಇಷ್ಟವಿತ್ತು.)

ಆ ಮಷಿನ್‌ಗೆ ಮರೆವಿನ ಕಾಯಿಲೆ. ಕರೆಂಟ್ ಹೋದರೆ ಎಲ್ಲರ ಸ್ಕೋರೂ ಅಳಿಸಿಹೋಗುತ್ತಿತ್ತು. ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೆಂದು ನಿಮಗೆ ಹೇಳಬೇಕೆ? ಅದಕ್ಕೇ ಗೋಡೆಗೆ ಒಂದು ಸ್ಲೇಟು ತೂಗುಹಾಕಿದ್ದೆ. ಎಲ್ಲರಿಗಿಂತ ಹೆಚ್ಚು ಸ್ಕೋರ್ ಮಾಡಿದವರ ಹೆಸರು, ಊರು, ಅಂಕಿ. ಬರೆಯುವ ಕೈ ನನ್ನದು. ಆ ಸ್ಲೇಟಿನ ಮೇಲೆ ಬಂದದ್ದೇ ಊರಿಗೆ ಸತ್ಯ.

ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ನಮ್ಮವರೂ ಹೋದರು. ಡಬ್ಬಿ ಮಾತ್ರ ನಮ್ಮ ಹಿಂದಿನ ಕೋಣೆಯಲ್ಲಿ ಭತ್ತದ ಚೀಲಗಳ ಜೊತೆ ನಿಂತಿತ್ತು. ಕಳೆದ ತಿಂಗಳು ಅದನ್ನು ಕೇಳಿಕೊಂಡು ಲಿಂಗಸುಗೂರಿನಿಂದ ಶರಣಬಸವ ಬಂದ. ಅಂದು ಶಾಲೆ ತಪ್ಪಿಸಿ ಬಂದು ನನ್ನಿಂದ ಕಿವಿ ಹಿಂಡಿಸಿಕೊಳ್ಳುತ್ತಿದ್ದವನು. ಈಗ ದೊಡ್ಡ ಬೇಕರಿಯ ಮಾಲೀಕ, ತಲೆಯೆಲ್ಲ ಬೆಳ್ಳಗಾಗಿದೆ.

“ಮಿಸ್, ಆ ಡಬ್ಬಿ ನನಗ ಕೊಡ್ರಿ. ಬೇಕರ್ಯಾಗ ಇಡ್ತೀನಿ. ಮ್ಯಾಲಿನ ಗ್ಲಾಸ್ ಒಡದೈತಲ್ಲ, ಅಲ್ಲಿ ಡಿಜಿಟಲ್ ಡಿಸ್‌ಪ್ಲೇ ಕೂಡಸೋಣು. ಕೆಂಪು ಅಕ್ಷರ ಓಡ್ತಾವಲ್ಲ, ಅಂಥಾದ್ದು. ‘ಹೈ ಸ್ಕೋರ್: ಮಸ್ಕಿ ರಾಜು’ ಅಂತ.”

“ಮಸ್ಕಿ ರಾಜು ನಿನಗ ಗೊತ್ತೇನಪ?”

“ಗೊತ್ತೇನು ಅಂತೀರಲ್ರಿ. ಕಣ್ಣಾರೆ ನೋಡೀನಿ. ಎಡಗೈಲೆ ಆಡ್ತಿದ್ದ. ನನಗ ಒಂದು ಟ್ರಿಕ್ ಸೈತ ಹೇಳಿಕೊಟ್ಟಿದ್ದ.”

ನಾನು ಚಹಾದ ಕಪ್ ಕೆಳಗಿಟ್ಟೆ. ಯಾಕೆಂದರೆ ಮಸ್ಕಿ ರಾಜು ಎಂಬುವನು ಈ ಲೋಕದಲ್ಲಿ ಹುಟ್ಟಿಯೇ ಇಲ್ಲ. ಅವನನ್ನು ಹುಟ್ಟಿಸಿದವಳು ನಾನು.

ಸ್ಲೇಟಿನ ಮೇಲೆ ರಾಜುವಿನ ಹೆಸರಿಗಿದ್ದ ನಲವತ್ತೊಂದು ಸಾವಿರದ ಮುನ್ನೂರು ನಿಜವಾಗಿ ರೇಣುಕಾಳದು. ಗೊರೇಬಾಳದ ಹುಡುಗಿ, ಹದಿನೇಳೋ ಹದಿನೆಂಟೋ ಇರಬೇಕು. ಸಿಂಧನೂರಿಗೆ ಹೊಲಿಗೆ ಕಲಿಯಲು ಬರುತ್ತಿದ್ದಳು. ಮಧ್ಯಾಹ್ನ, ಹುಡುಗರೆಲ್ಲ ಶಾಲೆಯಲ್ಲಿರುವಾಗ, ಊರಿನ ಬಸ್ ಬರುವವರೆಗೆ ಒಂದು ಆಟ. ಎಡಚಿ. ಅವಳು ಆಡುವುದನ್ನು ನೋಡಿದರೆ ಹೊಲಿಗೆ ಕ್ಲಾಸಿಗೆ ಹೋಗುವುದೇ ನೆಪ ಎನಿಸುತ್ತಿತ್ತು.

ಅವಳು ಎಲ್ಲರನ್ನೂ ಮೀರಿಸಿದ ದಿನ ಖುಷಿಯಿಂದಲೇ ಬರೆದೆ: ರೇಣುಕಾ, ಗೊರೇಬಾಳ. ಸಂಜೆ ದೊಡ್ಡ ಹುಡುಗರು ಬಂದರು. “ಯಾರಲೇ ಆಕಿ? ಗೊರೇಬಾಳ ಬಸ್ಸಿನ್ಯಾಗ ಹುಡುಕೂಣೇನು?” ಎಂದು ನಕ್ಕರು. ಮರುದಿನ ಅರ್ಧದಷ್ಟು ಗಿರಾಕಿಗಳು ಬರಲಿಲ್ಲ. ಹುಡುಗಿಯ ಕೈಲಿ ಸೋತ ಅಂಗಡಿಗೆ ಯಾರು ಬರುತ್ತಾರೆ?

ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ಅದೇ ಅಂಕಿಯ ಮುಂದೆ ಬಾಯಿಗೆ ಬಂದ ಹೆಸರು ಬರೆದೆ: ರಾಜು, ಮಸ್ಕಿ. ಅವಳ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಗಿರಾಕಿಗಳ ಒಳ್ಳೆಯದಕ್ಕೆ ಎಂಬುದು ಅದರ ಕೆಳಗಿನ ಸಾಲು. (ಎಷ್ಟೋ ಸಲ ಈ ತಪ್ಪನ್ನು ನಮ್ಮವರ ಮೇಲೆ ಹಾಕಲು ನೋಡಿದ್ದೇನೆ. ಏನು ಮಾಡಲಿ, ಅವರು ಅಂದು ಬಿಡಿಭಾಗ ತರಲು ಹೈದರಾಬಾದಿಗೆ ಹೋಗಿದ್ದರು.)

“ಎ ವೈಟ್ ಲೈ ಈಸ್ ಸ್ಟಿಲ್ ಎ ಲೈ, ಚೈಲ್ಡ್” ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್, ಒಳ್ಳೆಯದಕ್ಕೆ ಹೇಳಿದರೂ ಸುಳ್ಳು ಸುಳ್ಳೇ ಎಂದು. ಆದರೆ ಸುಳ್ಳು ಬೆಳೆಯುತ್ತದೆ ಎಂದು ಅವರು ಹೇಳಿರಲಿಲ್ಲ. ಮೂವತ್ತು ವರ್ಷಗಳಲ್ಲಿ ರಾಜುವಿಗೆ ಮೀಸೆ ಬಂದಿದೆ. ಅವನು ತಮ್ಮ ಕ್ಲಾಸ್‌ಮೇಟ್ ಎಂದವರನ್ನು ನಾನೇ ಕಂಡಿದ್ದೇನೆ. ದುಬೈಯಲ್ಲಿದ್ದಾನೆ ಎನ್ನುವವರಿದ್ದಾರೆ. ಒಬ್ಬರ ಪ್ರಕಾರ ತೀರಿಯೂ ಹೋದ, ಪಾಪ, ಇಬ್ಬರು ಮಕ್ಕಳಂತೆ.

ಮತ್ತೆ ರೇಣುಕಾ? ಹಿಂದೊಮ್ಮೆ ಗೊರೇಬಾಳಕ್ಕೆ ಆಟೋ ಮಾಡಿಕೊಂಡು ಹೋಗಿ ವಿಚಾರಿಸಿದ್ದೆ. ಅವರ ಮನೆ ಮಾರಿ ಎಷ್ಟೋ ಕಾಲವಾಗಿದೆ. ಮದುವೆಯಾಗಿ ಎಲ್ಲಿಗೆ ಹೋದಳೋ ಯಾರಿಗೂ ನೆನಪಿಲ್ಲ. ಹುಟ್ಟದವನ ಮಕ್ಕಳ ಲೆಕ್ಕ ಊರಿಗೆ ಗೊತ್ತು, ಇದ್ದವಳ ವಿಳಾಸ ಗೊತ್ತಿಲ್ಲ.

ನಮ್ಮ ಕಡೆ ಇದೇನು ಹೊಸದೇ? ಕಾಲುವೆ ಬಯಲಲ್ಲಿ ಬಗ್ಗಿ ನಾಟಿ ಹಚ್ಚುವವರು ಹೆಣ್ಣುಮಕ್ಕಳು. ಅಕ್ಕಿ ಚೀಲದ ಮೇಲೆ ನಗುತ್ತ ನಿಂತ ಫೋಟೋ ಮಿಲ್ಲಿನ ಮಾಲೀಕರ ಮಗನದು.

ಇಷ್ಟು ದಿನ ಈ ಸುಳ್ಳು ಬಾಯಿಮಾತಿನಲ್ಲಿತ್ತು. ಇನ್ನು ಕೆಂಪು ದೀಪದಲ್ಲಿ ಹಗಲೂ ರಾತ್ರಿ ಓಡಲಿದೆ. ನಾನು ಸತ್ತ ಮೇಲೆ ಅದನ್ನು ತಿದ್ದುವವರು ಯಾರು? ಶರಣಬಸವನಿಗೆ ಎಲ್ಲ ಹೇಳಿದೆ.

ಅವನು ನಕ್ಕ. “ಜೋಕ್ ಮಾಡ್ಬ್ಯಾಡ್ರಿ ಮಿಸ್. ನಾ ನೋಡೀನಂತ ಹೇಳಾಕತ್ತೀನಲ್ರಿ.”

“ನೋಡೀಯಪ್ಪ, ಇಲ್ಲ ಅನ್ನಂಗಿಲ್ಲ. ಸಾಲಿ ತಪ್ಪಿಸಿ ಬಂದಿದ್ದಿ. ಆಡೋ ಮುಂದ ಏನರ ಸಪ್ಪಳ ಬರ್ತಿತ್ತು?”

“ಗುಂಡಿ ಒತ್ತಿದ ಸಪ್ಪಳ. ಆಮ್ಯಾಲೆ…” ಡಬ್ಬಿಯ ಕಡೆ ತಿರುಗಿ ನೋಡಿದ. “ಬಳೆ ಸಪ್ಪಳ ಇತ್ರೀ.”

ನೋಡಿದಿರಾ? ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನು ಹೆಸರನ್ನಷ್ಟೇ ಬದಲಿಸಿದ್ದೆ. ಅವನ ನೆನಪು ತಾನಾಗಿಯೇ ಆ ಹುಡುಗಿಗೆ ಪ್ಯಾಂಟು ತೊಡಿಸಿತ್ತು.

ಆದರೂ ವ್ಯಾಪಾರಿ. “ಮಿಸ್, ಎರಡೂ ಹೆಸರು ಹಾಕೂಣು. ರಾಜುಗ ಫ್ಯಾನ್ ಅದಾರ್ರಿ. ರೇಣುಕಾ ಯಾರಂತ ಕೇಳ್ತಾರ.”

“ಕೇಳ್ಲಿ. ನೀ ಹೇಳು. ಬರೇ ರೇಣುಕಾನ ಹೆಸರು ಇದ್ರ ಡಬ್ಬಿ ಒಯ್ಯಿ. ಇಲ್ಲಂದ್ರ ಇಲ್ಲೇ ಇರ್ಲಿ, ಭತ್ತದ ಚೀಲಕ್ಕ ಆಸರಾಗ್ತೈತಿ.”

ಮೂರು ದಿನ ಫೋನ್ ಇಲ್ಲ. ನಾನೂ ಮಾಡಲಿಲ್ಲ. ನಾಲ್ಕನೆಯ ದಿನ ಟೆಂಪೋ ಕಳಿಸಿದ.

ಮಸ್ಕಿಯಲ್ಲಿ ಟಿವಿ ರಿಪೇರಿ ಮಾಡುವ ಮೌಲಾಸಾಬ್ ಬೇಕರಿಗೆ ಬಂದು ಡಿಸ್‌ಪ್ಲೇ ಕೂಡಿಸಿದರು. ಅರವತ್ತು ದಾಟಿದ ಮನುಷ್ಯ, ಕೈ ಮಾತ್ರ ಸ್ಥಿರ. ಒಡೆದ ಗ್ಲಾಸ್ ಬಿಚ್ಚಿ, ಮರಕ್ಕೆ ಹೊಸ ತೂತು ಕೊರೆಯದೆ, ಹಳೆಯ ಜಾಗಕ್ಕೇ ಸರಿಯಾಗಿ ಬೋರ್ಡ್ ಇಳಿಸಿದರು. ಫೋನಿನಲ್ಲಿ ಟೈಪ್ ಮಾಡಿದರೆ ಅಕ್ಷರ ಅಲ್ಲಿ ಓಡುತ್ತದೆ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಒದ್ದೆ ಬಟ್ಟೆ ಯಾರ ಕೈಗೆ ಯಾವಾಗ ಬರುತ್ತದೋ.

“ಮೊದಲ ‘ದೇವರು ಪ್ರಸನ್ನ’ ಅಂತ ಹಾಕ್ಲೇನ್ರಿ ಅಮ್ಮಾರ? ಎಲ್ಲಾರೂ ಹಾಕಿಸ್ತಾರ.”

“ದೇವರಿಗೆ ಬೋರ್ಡಿಗೇನು ಕಡಿಮಿ ಐತಿ ಸಾಬ್ರ? ರೇಣುಕಾ, ಗೊರೇಬಾಳ. ಅಷ್ಟ ಬರೀರಿ.”

“ಸ್ಕೋರ್ ಎಷ್ಟ್ರಿ?”

“ಐವತ್ತೆರಡು ಸಾವಿರದ ಏಳ್ನೂರಾ ಐವತ್ತು.”

ಪಕ್ಕದಲ್ಲಿದ್ದ ಶರಣಬಸವ ತಲೆ ಎತ್ತಿದ. “ನಲವತ್ತೊಂದು ಅಲ್ರೀ ಮಿಸ್?”

ಅಲ್ಲ. ಈ ಅಂಕಿ ಸ್ಲೇಟಿಗೆ ಬರಲೇ ಇಲ್ಲ. ಇದು ನಾನು ರೇಣುಕಾಳನ್ನು ಕೊನೆಯ ಸಲ ಕಂಡ ದಿನದ್ದು.

ಹೆಸರು ಒರೆಸಿದ ಮರುವಾರ ಅವಳು ಬಂದಳು. ಸ್ಲೇಟು ನೋಡಿದಳು. ತನ್ನ ಅಂಕಿ, ಬೇರೆಯವನ ಹೆಸರು. ನಾನು ಗಲ್ಲಾದಲ್ಲಿ ಏನೋ ಹುಡುಕುವವಳಂತೆ ಬಗ್ಗಿದೆ. ಅವಳು ನಾಣ್ಯ ಹಾಕಿದಳು. ಗೊರೇಬಾಳದ ಬಸ್ ಹಾರ್ನ್ ಹೊಡೆದು ಹೋಯಿತು, ಅವಳು ತಿರುಗಲಿಲ್ಲ. ಆಟ ಮುಗಿದಾಗ ಪರದೆಯ ಮೇಲೆ ಐವತ್ತೆರಡು ಸಾವಿರದ ಏಳುನೂರಾ ಐವತ್ತು.

ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು: “ಟೀಚರ್, ಆ ರಾಜು ಬಂದ್ರ ಹೇಳ್ರಿ, ಗೊರೇಬಾಳದಾಕಿ ನಿನ್ನ ಸೋಲಿಸಿ ಹೋಗ್ಯಾಳ ಅಂತ.”

ನಾನು ತಲೆ ಎತ್ತದೆ, “ಹೇಳ್ತೀನಮ್ಮ” ಎಂದೆ.