ಹದಿನೆಂಟನೆಯ ಪದ

ಹೋದ ತಿಂಗಳು ಅಕ್ಕನ ಮಗಳ ಸೀಮಂತದ ಕಾರ್ಡು ನಾಲ್ಕೇ ಪ್ರತಿ ಬೇಕಾಗಿ, ಶ್ರೀರಾಂಪುರದಲ್ಲಿ ಮೊದಲು ಕಂಡ ಪ್ರಿಂಟಿಂಗ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಒಳಗೆ ಬಿಸಿ ಟೋನರಿನ ವಾಸನೆ. ನಿಮಗೆ ಅದು ಸುಟ್ಟ ಪ್ಲಾಸ್ಟಿಕ್ಕಿನ ಹಾಗೆ ಅನ್ನಿಸೀತು, ನನಗೆ ಹಸಿವಾಗುತ್ತದೆ. ಆ ವಾಸನೆಯ ಪಕ್ಕದಲ್ಲೇ ಬುತ್ತಿ ಬಿಚ್ಚಿ ಅರ್ಧ ಆಯುಸ್ಸು ಕಳೆದವಳು ನಾನು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಒಬ್ಬ ಗಿರಾಕಿಯನ್ನು ಕೇಳುತ್ತಿದ್ದಳು: "ಹಿಂದಿನ ಬಣ್ಣ ಗಾಢ ಆಯ್ತು ಸಾರ್. ಸ್ವಲ್ಪ ನೀರು ಹಾಕ್ಲಾ?" ಆತ "ಹಾಕಿ" ಅಂದರು. ಅವಳು ಹಾಕಿದಳು. ಬಣ್ಣ ತೆಳುವಾಯಿತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕಂಪ್ಯೂಟರಿಗೆ ನೀರು ಹಾಕುತ್ತಿದ್ದವರು ಇಡೀ ಮೈಸೂರಿನಲ್ಲಿ ಒಬ್ಬರೇ ಒಬ್ಬರು ನನಗೆ ಗೊತ್ತು.

ಮುಂದೆ ಹೋಗುವ ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ, ಆಮೇಲೆ ದೂರಬೇಡಿ. ತಪ್ಪು ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಮನೆಯಲ್ಲಿ ಯಾರಾದರೂ ಕಾರ್ಡು ಹಿಡಿದು "ಫಾಂಟು ಸಣ್ಣದಾಯ್ತು" ಅಂದರೆ, ಫಾಂಟಲ್ಲ ಕಣ್ರೀ, ಪಾಯಿಂಟ್ ಸೈಜು ಅಂತ ತಿದ್ದಿದ ಮೇಲೇ ಪಾಯಸಕ್ಕೆ ಕೈ ಹಾಕುತ್ತೇನೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಸಾಮಾನ್ಯವಾಗಿ ಕೊನೆಗೆ ತುಂಬುತ್ತದೆ.

ಈ ರೋಗ ಹತ್ತಿದ್ದು ತೊಂಬತ್ತರ ದಶಕದಲ್ಲಿ. ಹಿನಕಲ್ಲಿನ ನಮ್ಮ ಹೊಲದ ಮೇಲೆ ಸೈಟಿನ ಕಲ್ಲು ಬಿದ್ದ ವರ್ಷ ಅಪ್ಪ ನನ್ನನ್ನು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದರು. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಹನ್ನೆರಡು ಹುಡುಗಿಯರು, ಎರಡು ಕಂಪ್ಯೂಟರು. ಕರೆಂಟು ಇದ್ದಾಗ ಸರದಿ ಸಿಗುತ್ತಿರಲಿಲ್ಲ, ಸರದಿ ಸಿಕ್ಕಾಗ ಕರೆಂಟು ಇರುತ್ತಿರಲಿಲ್ಲ. ನಮ್ಮ ಪ್ರಭಾ ಮೇಡಂ ಅದಕ್ಕೊಂದು ಉಪಾಯ ಮಾಡಿದ್ದರು. ಡಿಸೈನಿಗೆ ಬೇಕಾದ ಇಪ್ಪತ್ತೆರಡು ಪದಗಳನ್ನು ಬೋರ್ಡಿನ ಮೇಲೆ ಬರೆದು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಪಿಕ್ಸೆಲ್, ರೆಸಲ್ಯೂಷನ್, ರಾಸ್ಟರ್, ವೆಕ್ಟರ್ ಅಂತ ಹನ್ನೆರಡು ಗಂಟಲು ಒಟ್ಟಿಗೆ ಶುರುವಾದರೆ ಕೆಳಗೆ ಪಂಕ್ಚರ್ ಹಾಕುವವರೂ ಎರಡು ಪದ ಕಲಿತಿದ್ದರು. "ಹೆಸರು ಬಾಯಲ್ಲಿದ್ರೆ ನಿಮ್ಮನ್ನ ಹಳ್ಳಿಯವರು ಅಂತ ಯಾರೂ ಎಬ್ಬಿಸಿ ಕಳಿಸಲ್ಲ ಕಣ್ರಮ್ಮ," ಅನ್ನುತ್ತಿದ್ದರು ಮೇಡಂ. ಅದು ಸುಳ್ಳೇನಲ್ಲ. ಶಿವರಾಂಪೇಟೆಯ ಒಂದು ಪ್ರೆಸ್ಸಿನ ಯಜಮಾನರು ನಾನು ಇಪ್ಪತ್ತೆರಡನ್ನೂ ಉಸಿರು ಬಿಡದೆ ಒಪ್ಪಿಸಿದ್ದನ್ನು ಕೇಳಿ ಅಲ್ಲೇ ಕೆಲಸ ಕೊಟ್ಟರು.

ಮಾರನೆಯ ದಿನ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತೆ. ಲೇಯರ್ ಮಾಸ್ಕ್ ಅಂದರೇನು ಅಂತ ಬಲ್ಲವಳಿಗೆ ಆ ಯಂತ್ರದ ಸ್ವಿಚ್ಚು ಎಲ್ಲಿದೆ ಅಂತ ಗೊತ್ತಿರಲಿಲ್ಲ. ಪಕ್ಕದ ಕುರ್ಚಿಯಿಂದ ಒಂದು ಕೈ ಬಂದು ಅದನ್ನು ಒತ್ತಿ, ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಹೋಯಿತು. ಅದು ರಾಚಪ್ಪನವರ ಕೈ.

ರಾಚಪ್ಪನವರಿಗೆ ಆಗ ನಲವತ್ತೈದರ ಮೇಲೆ. ಹಣೆಗೆ ಮೂರು ಗೆರೆ ವಿಭೂತಿ, ಜೇಬಿನಲ್ಲಿ ಒಂದು ಭೂತಗನ್ನಡಿ. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಅದೇ ಪ್ರೆಸ್ಸಿನಲ್ಲಿದ್ದವರು, ಮೊಳೆ ಹೋಗಿ ಮೌಸು ಬಂದಾಗ ಅದನ್ನೂ ಹಿಡಿದರು. ಅವರಿಗೆ ಬಾರದ ಕೆಲಸವಿರಲಿಲ್ಲ, ಬರುವ ಹೆಸರು ಒಂದೂ ಇರಲಿಲ್ಲ. ಅಕ್ಷರಗಳ ನಡುವಿನ ಜಾಗ ಸರಿಮಾಡುವ ಕರ್ನಿಂಗಿಗೆ "ಒತ್ತರಿಸಿ ಕೂರ್ಸೋದು" ಅನ್ನುತ್ತಿದ್ದರು. ಲೇಯರಿಗೆ ಹಾಳೆ. ಕತ್ತರಿಸುವಾಗ ಹೋದರೆ ಹೋಗಲಿ ಅಂತ ಸುತ್ತಲೂ ಹೆಚ್ಚಿಗೆ ಬಿಡುವ ಬಣ್ಣ, ಅಂದರೆ ಬ್ಲೀಡು, ಅವರ ಬಾಯಲ್ಲಿ ಸೆರಗು. ಬಣ್ಣದ ಗಾಢತೆ ಇಳಿಸುವ ಒಪ್ಯಾಸಿಟಿ ಬರೀ ನೀರು. ಗಿರಾಕಿಗಳಿಗೆ ಇದು ಬಲು ಇಷ್ಟ. ಕುರ್ಚಿ ಎಳೆದುಕೊಂಡು ಕೂತು, "ಇನ್ನೊಂದು ಲೋಟ ಹಾಕಿ ರಾಚಪ್ಪ" ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡಿದ್ದು, ಗಿರಾಕಿ ಹೋದ ಕೂಡಲೇ, "ಒಪ್ಯಾಸಿಟಿ ಅನ್ನಿ," ಅನ್ನುತ್ತಿದ್ದೆ. "ಆಯ್ತು ಕಣಮ್ಮ," ಅನ್ನುತ್ತಿದ್ದರು ಅವರು. ಮಾರನೆಯ ದಿನ ಮತ್ತೆ ನೀರು. ಇಷ್ಟರ ನಡುವೆ ನನಗೆ ಕೆಲಸವೆಲ್ಲ ಕಲಿಸಿದವರು ಅವರೇ ಅನ್ನುವುದನ್ನು ನಾನು ಬಹಳ ಕಾಲ ಗಮನಿಸಲೇ ಇಲ್ಲ.

ಒಂದು ಸಲ ಮಾತ್ರ ಅವರ ಭಾಷೆ ಕೈಕೊಟ್ಟಿತು. ಬೆಂಗಳೂರಿಗೆ ಅಚ್ಚಿಗೆ ಕಳಿಸಿದ ಕ್ಯಾಲೆಂಡರಿನ ಜೊತೆ "ಸುತ್ತ ಸೆರಗು ಇರಲಿ" ಅಂತ ಚೀಟಿ ಬರೆದಿಟ್ಟಿದ್ದರು. ಅಲ್ಲಿಯವರಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಲಕ್ಷ್ಮಿಯ ತಲೆಯ ಮೇಲೆ ಒಂದು ಬೆರಳಗಲ ಬಿಳಿ ಪಟ್ಟಿಯೊಂದಿಗೆ ಕ್ಯಾಲೆಂಡರುಗಳು ಬಂದವು. ಯಜಮಾನರು ಏನೂ ಬೈಯಲಿಲ್ಲ. ಆ ವರ್ಷವೆಲ್ಲ ಒಂದನ್ನು ರಾಚಪ್ಪನವರ ಎದುರಿನ ಗೋಡೆಗೆ ತೂಗುಹಾಕಿದ್ದರು, ಅಷ್ಟೇ.

ಫ್ಲೆಕ್ಸ್ ಬಂದ ಮೇಲೆ ಪ್ರೆಸ್ಸು ಸೊರಗಿತು. ದಸರೆ ಕಳೆದರೆ ಬಾಗಿಲು ಹಾಕುತ್ತೇನೆ ಅಂದರು ಯಜಮಾನರು. ಅದೇ ಹೊತ್ತಿಗೆ ಊದುಬತ್ತಿಯ ಕಂಪನಿಯೊಂದಕ್ಕೆ ಪೊಟ್ಟಣದ ಡಿಸೈನು ಮಾಡುವವರು ಬೇಕಾಗಿದ್ದಾರೆಂದು ಸುದ್ದಿ ಬಂತು. ಇದ್ದದ್ದು ಒಂದೇ ಜಾಗ. ರಾಚಪ್ಪನವರ ವಯಸ್ಸಿಗೆ ಬೇರೆ ಎಲ್ಲೂ ಕರೆಯುವವರಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ನನ್ನ ಮುಂದೆ ಬಂದು ನಿಂತು, "ನಿನ್ನ ಮಗ್ಗಿ ನಂಗೂ ಏಳ್ಕೊಡಮ್ಮ," ಅಂದರು. "ಅಲ್ಲಿ ಎಸರು ಕೇಳ್ತಾರಂತೆ."

ಒಂದು ತಿಂಗಳು ಹೇಳಿಕೊಟ್ಟೆ. ಎಷ್ಟು ಖುಷಿಯಿಂದ ಹೇಳಿಕೊಟ್ಟೆನೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಮುದ್ದೆ ಮುರಿಯುತ್ತ ಅವರು ಕಲಿತರು, ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಸರಿಸುತ್ತ ಗೆರೆಗೊಂದು ಪದದಂತೆ. ತಪ್ಪೇ ಇರುತ್ತಿರಲಿಲ್ಲ. ಒಂದೇ ತೊಂದರೆ, ಮಗ್ಗಿ ಕಲಿತವರಿಗೆಲ್ಲ ಇರುವಂಥದ್ದು: ನಡುವಿನದು ಬೇಕೆಂದರೆ ಒಂದರಿಂದ ಶುರುಮಾಡಿಕೊಂಡು ಬರಬೇಕು. ಇದನ್ನು ತಿದ್ದಬೇಕೆಂದು ನನಗೆ ಹೊಳೆಯಲಿಲ್ಲ, ಯಾಕೆಂದರೆ ನಾನೂ ಹಾಗೇ ಕಲಿತವಳು. ಕೊನೆಯಲ್ಲಿ ಒಂದು ಬುದ್ಧಿಮಾತನ್ನೂ ಹೇಳಿದೆ: "ಅಲ್ಲಿ ಹೋಗಿ ನೀರು ಗೀರು ಅಂದುಬಿಟ್ಟೀರಿ, ನಗ್ತಾರೆ."

ಸಂದರ್ಶನದ ದಿನ ಧೈರ್ಯಕ್ಕಿರಲಿ ಅಂತ ಅವರ ಜೊತೆ ನಾನೂ ಹೋದೆ. ಬರೀ ಜೊತೆಗೆ. ಸರ್ಟಿಫಿಕೇಟು ಮಾತ್ರ ಬ್ಯಾಗಿನಲ್ಲಿತ್ತು, ಮಳೆ ಬಂದರೆ ಇರಲಿ ಅಂತ ಕೊಡೆ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಒಳಗಿದ್ದವರು, "ನೀವೂ ಇದೇ ಕೆಲಸದವರಾ? ಬನ್ನಿ ಹಾಗಾದರೆ," ಅಂತ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ನಾನು ಇಲ್ಲ ಅನ್ನಲಿಲ್ಲ.

ರಾಚಪ್ಪನವರು ತಾವು ಮಾಡಿದ ಡಿಸೈನುಗಳನ್ನು ಮೇಜಿನ ಮೇಲೆ ಹರಡಿದರು. ಅಧಿಕಾರಿ ಒಂದೊಂದನ್ನೂ ಎತ್ತಿ ನೋಡಿದರು, ಮೆಚ್ಚಿದ್ದು ಮುಖದಲ್ಲೇ ಕಾಣುತ್ತಿತ್ತು. ಒಂದರಲ್ಲಿ ಅಕ್ಷರಗಳ ಹಿಂದೆ ಮಲ್ಲಿಗೆಯ ದಂಡೆಯೊಂದು ಕಂಡೂ ಕಾಣದ ಹಾಗೆ ತೆಳ್ಳಗೆ ಮಲಗಿತ್ತು. "ಇದು ಚೆನ್ನಾಗಿದೆ. ಹೀಗೆ ತೆಳು ಮಾಡೋದಕ್ಕೆ ಏನಂತಾರೆ?" ಅಂದರು. ಕೇಳಬೇಕೆಂದು ಕೇಳಿದ್ದೂ ಅಲ್ಲ, ಏನೋ ಮಾತಿಗೆ.

ರಾಚಪ್ಪನವರ ಹದಿನೆಂಟು ವರ್ಷದ ಮಗಳನ್ನು ಕೇಳಿದ್ದರೂ ಹೇಳುತ್ತಿದ್ದಳು, ನೀರು ಅಂತ. ಅವರು ಹೇಳಲಿಲ್ಲ. ತುಟಿ ಅಲ್ಲಾಡಿತು. ಮೇಜಿನ ಕೆಳಗೆ ಹೆಬ್ಬೆರಳು ಗೆರೆಯಿಂದ ಗೆರೆಗೆ ಹೊರಟಿತು. ಎದುರಿಗಿದ್ದವರು ಈತ ಶಿವನನ್ನು ನೆನೆಯುತ್ತಿದ್ದಾರೆ ಅಂದುಕೊಂಡರೋ ಏನೋ, ಮರ್ಯಾದೆಯಿಂದ ಸ್ವಲ್ಪ ಹೊತ್ತು ಕಾದರು. ಪಕ್ಕದಲ್ಲಿದ್ದ ನನಗೆ ಆ ಕೈ ಕಾಣಿಸುತ್ತಿತ್ತು. ಒಪ್ಯಾಸಿಟಿ ಹದಿನೆಂಟನೆಯದು. ಬಲಗೈಯ ಹನ್ನೆರಡು ಗೆರೆ ಮುಗಿದು ಎಡಗೈಗೆ ಬಂದರು. ಹದಿಮೂರು, ಹದಿನಾಲ್ಕು, ಹದಿನೈದು. ಇನ್ನು ಮೂರೇ. "ಸಾರ್, ಒಂದು ನಿಮಿಷ, ಬರ್ತಾ ಇದಾರೆ" ಅಂತ ನಾನು ಅನ್ನಬಹುದಾಗಿತ್ತು. ಅನ್ನಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿದರು. ನಾನು ಹೇಳಿದೆ, ಸ್ಪಷ್ಟವಾಗಿ, ಮೇಡಂ ಕಲಿಸಿದ ಉಚ್ಚಾರಣೆಯಲ್ಲಿ.

ಆ ಕೆಲಸದಲ್ಲಿ ನಾನು ಹದಿನಾರು ವರ್ಷ ಇದ್ದೆ. ರಾಚಪ್ಪನವರು ಬೋಗಾದಿ ಕಡೆ ಎಲ್ಲೋ ಸ್ಟಿಕ್ಕರ್ ಕತ್ತರಿಸುತ್ತಿದ್ದಾರೆ ಅಂತ ಕೇಳಿದ್ದೆ. ಆಮೇಲೆ ನಾನು ಬೋಗಾದಿ ರಸ್ತೆಯನ್ನೇ ಬಿಟ್ಟೆ.

ಈಗ ಶ್ರೀರಾಂಪುರದ ಅಂಗಡಿಯಲ್ಲಿ ನಾಲ್ಕು ಕಾರ್ಡು ಹಾಕಲು ಕೊಟ್ಟು, ಆ ಹೆಂಗಸನ್ನು ಕೇಳಿದೆ, ನೀವು ರಾಚಪ್ಪನವರಿಗೆ ಏನಾಗಬೇಕು ಅಂತ. "ಮಗಳು," ಅಂದು ಒಳಕ್ಕೆ ತಿರುಗಿ ಕರೆದಳು. ಪರದೆ ಸರಿಸಿಕೊಂಡು ಬಂದರು. ಬೆನ್ನು ಬಾಗಿದೆ, ವಿಭೂತಿ ಹಾಗೇ ಇದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು, "ಕೂತ್ಕೊಳಮ್ಮ," ಅಂದರು.

ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಅನ್ನಿಸಿತು. "ಅವತ್ತು ನೀವು ಎಣಿಸ್ತಿದ್ದದ್ದು ನನಗೆ ಕಾಣಿಸ್ತಿತ್ತು ರಾಚಪ್ಪನೋರೆ. ಹದಿನೈದರಲ್ಲಿದ್ರಿ."

"ಊಂ. ಅದ್ನೈದಕ್ಕೆ ನಿಂತ್ಬುಟ್ಟೆ," ಅಂದರು ಅವರು, ನಿನ್ನೆಯ ಮಾತಿನಂತೆ. "ನೀನು ನೋಡ್ತಿದ್ದದ್ದು ಕಾಣ್ತು. ನೀನೇ ನನ್ ಪರ ಏನಾರ ಏಳ್ತೀಯ ಅಂತ ನಿನ್ನ ಮಖಾನೇ ನೋಡ್ತಾ ಕೂತೆ."

ಇಷ್ಟು ವರ್ಷ ನಾನು ಲೆಕ್ಕ ಹಾಕಿದ್ದೆಲ್ಲ ಅವರ ಬೆರಳನ್ನೇ. ಅವರ ಮುಖವನ್ನು ನಾನು ಅವತ್ತು ನೋಡಿಯೇ ಇರಲಿಲ್ಲ.

"ತಪ್ಪಾಯ್ತು," ಅಂದೆ.

"ಊಂ," ಅಂದರು. ಇರಲಿ ಬುಡು ಅಂತ ಅನ್ನಲಿಲ್ಲ. ಯಂತ್ರದಿಂದ ನಾಲ್ಕು ಕಾರ್ಡೂ ಬರುವ ತನಕ ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಆಮೇಲೆ ಅವರೇ ಅವನ್ನು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟು, ಉಷಾರಾಗಿ ಓಗಮ್ಮ ಅಂದರು.