ಮೆಣಸಿನ ಬಳ್ಳಿಗಳ ನಡುವೆ ಒಂದು ಎಲೆಬಳ್ಳಿ

ಕಾಫಿಯ ಚರಿತ್ರೆ ಹೇಳುವವರು ಏಳು ಬೀಜ ತಂದ ಫಕೀರನಿಂದ ಶುರು ಮಾಡಿ ಬಿಳಿಯ ದೊರೆಗಳ ಬಂಗಲೆಗೆ ಬಂದು ನಿಲ್ಲುತ್ತಾರೆ. ಹಣ್ಣು ಬಿಡಿಸಿದವರು ಯಾರು ಎಂದರೆ ಬಾಯಿ ಬಿಡುವುದಿಲ್ಲ. ನನಗೆ ಅವರ ಮೇಲೆ ಸಿಟ್ಟಿದೆ. ನಮ್ಮ ಅಜ್ಜಿ ಬಿಡಿಸಿದ್ದಳು, ಅವ್ವ ಬಿಡಿಸಿದಳು, ನಾನೂ ಬಿಡಿಸಿದ್ದೇನೆ.

ಅಕ್ಕಿಆಲೂರಿನ ಸುತ್ತ ಭತ್ತದ ಸುಗ್ಗಿ ಮುಗಿದರೆ ನಮ್ಮಂಥವರಿಗೆ ಕೆಲಸವಿರುವುದಿಲ್ಲ. ಆಗ ಮೇಸ್ತ್ರಿ ಟೆಂಪೊ ತಂದು, ಹಿರೇಕೆರೂರಿನ ಕಡೆಯಿಂದಲೂ ಆಳು ತುಂಬಿಕೊಂಡು, ಚಿಕ್ಕಮಗಳೂರಿನ ತೋಟಗಳಿಗೆ ಕರೆದೊಯ್ಯುತ್ತಾನೆ. ಕೌದಿ, ಪಾತ್ರೆ, ರೊಟ್ಟಿಹಿಟ್ಟು, ಚಹಾಪುಡಿ ಎಲ್ಲ ನಮ್ಮದೇ. ದಿನವಿಡೀ ಕಾಫಿ ಹಣ್ಣು ಬಿಡಿಸಿ ಸಂಜೆ ಕೂಲಿಗಳ ಲೈನ್ ಮನೆಯಲ್ಲಿ ಚಹಾ ಕುಡಿಯುವ ಜನ ನಾವು.

ನಾನು ಸಣ್ಣವಳಿದ್ದಾಗ ಒಂದು ವರ್ಷ ಅಲ್ಲಿ ನನ್ನ ತಮ್ಮ ಜ್ವರ ಬಂದು ತೀರಿಕೊಂಡ. ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ. ಊರಿಗೆ ಒಯ್ಯುವ ದಾರಿಯಿರಲಿಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರು ಇಳಿಜಾರಿನಲ್ಲಿ ಕಾಫಿಗೆ ನೆರಳಾಗಿ ಬೆಳೆಸಿದ ಒಂದು ಸಿಲ್ವರ್ ಮರದ ಬುಡದಲ್ಲಿ ಮಣ್ಣು ಮಾಡಲು ಒಪ್ಪಿದರು. ಕಲ್ಲು ನೆಡಬಾರದು, ದಿಬ್ಬ ಕಾಣಬಾರದು ಎಂದರು. ಮಾಲೀಕರ ಕಣ್ಣಿಗೆ ಬಿದ್ದರೆ ಅವರ ಕೆಲಸಕ್ಕೇ ಕುತ್ತು. ಅಪ್ಪ ಅಳುತ್ತಲೇ ನೆಲ ಸಪಾಟು ಮಾಡಿದ.

ಅವ್ವನ ತವರು ಸವಣೂರು. ಎಲೆತೋಟದಲ್ಲೇ ಬೆಳೆದವಳು. ಮರುವರ್ಷ ವೀಳ್ಯದೆಲೆ ಬಳ್ಳಿಯ ತುಂಡೊಂದನ್ನು ಹಸಿ ಅರಿವೆಯಲ್ಲಿ ಸುತ್ತಿ ತಂದು ಆ ಮರಕ್ಕೆ ಹಬ್ಬಿಸಿದಳು. ಕಾಫಿ ತೋಟದ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ. ಎಲೆಬಳ್ಳಿ ನೋಡಲು ಅದರ ತಂಗಿಯ ಹಾಗೆ.

"ಯಾರಿಗೂ ತಿಳ್ಯಾಂಗಿಲ್ಲ. ನನಗೊಬ್ಬಾಕಿಗೆ ತಿಳೀತೈತಿ," ಅಂದಳು.

ಅಂದಿನಿಂದ ಅವ್ವ ಕಾಫಿ ಸೀಮೆಗೆ ಹೋಗುತ್ತಿದ್ದುದು ಮಗನ ಹತ್ತಿರ ಇರಲಿಕ್ಕೆ. ಮೇಸ್ತ್ರಿಗೆ ಹೇಳಿ ಅದೇ ಇಳಿಜಾರಿನ ಸಾಲು ಹಿಡಿಯುತ್ತಿದ್ದಳು. ಬುತ್ತಿ ಬಿಚ್ಚಿದರೆ ಮೊದಲ ತುತ್ತು ಆ ಬುಡಕ್ಕೆ. ಅಪ್ಪ ಹೋದ ಮೇಲೂ, ಮೊಣಕಾಲು ಕೈಕೊಟ್ಟ ಮೇಲೂ ಬಿಡಲಿಲ್ಲ. ನಾನು ಬೈದರೆ, "ನೀ ಬರಬ್ಯಾಡ, ನಾ ಹೊಕ್ಕೇನಿ," ಎನ್ನುತ್ತಿದ್ದಳು. ಬಿಟ್ಟು ಕಳಿಸುವುದು ಹೇಗೆ? ನಾನೂ ಟೆಂಪೊ ಹತ್ತುತ್ತಿದ್ದೆ.

ಹೋದ ಚಳಿಗಾಲ ಹೋದಾಗ ಬಳ್ಳಿ ಇರಲಿಲ್ಲ. ತೋಟಕ್ಕೆ ಹೊಸ ರೈಟರು ಬಂದಿದ್ದರು.

"ಫಸಲು ಬಿಡದ ಬಳ್ಳಿ, ರೋಗದ ಬಳ್ಳಿ ಎಲ್ಲ ಕೀಳಿಸಿದ್ವಿ ಕಣಮ್ಮ," ಎಂದರು.

ಎಲೆಬಳ್ಳಿ ಮೆಣಸು ಬಿಡುವುದುಂಟೆ? ಮೆಣಸಿನಂತೆ ಕಾಣಲಿ ಎಂದು ನೆಟ್ಟದ್ದನ್ನು ಅವರು ಮೆಣಸೆಂದೇ ತಿಳಿದಿದ್ದರು. ಯಾರನ್ನು ಬೈಯಲಿ?

ಇಳಿಜಾರಿನಲ್ಲಿ ಈಗ ಹತ್ತಾರು ಬೋಳು ಮರಗಳು, ಎಲ್ಲ ಒಂದೇ ಎತ್ತರ, ಒಂದೇ ದಪ್ಪ. ಅವ್ವ ಇಷ್ಟು ವರ್ಷ ಎಲೆ ನೋಡಿ ಬಂದವಳು, ಮರ ಗುರುತಿಟ್ಟುಕೊಂಡವಳಲ್ಲ. "ಇದ ಇರಬೇಕು," ಎಂದು ಒಂದರ ಬುಡ ಕೆದರಿ ಬೇರಿನ ತುಣುಕು ಹುಡುಕಿದಳು. ಸಿಗದೆ ಇನ್ನೊಂದಕ್ಕೆ ಹೋದಳು. ಉಳಿದಿದ್ದ ಬಳ್ಳಿಗಳನ್ನೂ ಬಿಡಲಿಲ್ಲ, ಒಂದೊಂದರ ಎಲೆ ಹರಿದು ಜಗಿದು ನೋಡಿದಳು. ಎಲ್ಲ ಮೆಣಸಿನ ಎಲೆಯೇ. ಉಗುಳುತ್ತ ಮುಂದಕ್ಕೆ ಹೋಗುತ್ತಿದ್ದಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಎಂದಿನಂತೆ ಅದೇ ಸಾಲು ತೋರಿಸಿದ. ಅವ್ವ ಇಳಿಜಾರಿನ ಅಂಚಿನಲ್ಲಿ ಚಪ್ಪಲಿ ಕಳಚಿ ನಿಂತಳು. ಒಂದು ಕಾಲು ಎತ್ತಿದಳು, ಮತ್ತೆ ಹಿಂದಕ್ಕೆ ಇಟ್ಟಳು.

"ಯಾಕಬೇ, ನಡಿ," ಅಂದೆ.

"ಎಲ್ಲಿ ಅದಾನೋ ಏನೋ. ಕೂಸಿನ ಮ್ಯಾಲೆ ಕಾಲಿಟ್ಟರ?"

ಮೇಸ್ತ್ರಿಯನ್ನು ಬೇಡಿಕೊಂಡು ಗುಡ್ಡದ ಆಚೆ ಬದಿಯ ಸಾಲು ಹಿಡಿದಳು. ಊರಿಗೆ ಹೊರಡುವ ತನಕ ಈ ಕಡೆ ಬರಲೇ ಇಲ್ಲ.