ಕೊನೆಯ ಖಾಲಿ ಹಾಳೆ

ಶಿವಾಜಿನಗರದ ನನ್ನ ಬೈಂಡಿಂಗ್ ಅಂಗಡಿಗೆ ಒಂದು ಬೆಳಿಗ್ಗೆ ಹಲಸೂರಿನ ಸಣ್ಣ ಗ್ರಂಥಾಲಯದ ಮೇಡಂ ಬಂದರು. ಜೊತೆಗೆ ಹನ್ನೆರಡು ಹದಿಮೂರರ ಹುಡುಗಿ. ಹಿಂದಿನ ವಾರವಷ್ಟೇ ಅವರ ಒಂದು ಕಟ್ಟು ಪುಸ್ತಕಗಳಿಗೆ ಹೊಸ ರಟ್ಟು ಹಾಕಿ ಕೊಟ್ಟಿದ್ದೆ. ಹುಡುಗಿ ಅದರಲ್ಲೊಂದನ್ನು ಮೇಜಿನ ಮೇಲಿಟ್ಟು ಹಿಂಬದಿ ತೆರೆದಳು.

"ಅಂಕಲ್, ಇಲ್ಲಿದ್ದ ಪೇಜ್ ಎಲ್ಲಿ?"

"ಎಲ್ಲಾ ಪುಟನೂ ಇದೆ ಕಣಮ್ಮಾ. ಬೇಕಾದ್ರೆ ಎಣಿಸ್ಕೋ."

"ಕಥೆ ಪೇಜಲ್ಲ. ಲಾಸ್ಟಲ್ಲಿ ಖಾಲಿ ಪೇಜ್ ಇತ್ತಲ್ಲ, ಅದು. ನಾವೆಲ್ಲ ಅದ್ರಲ್ಲಿ ಬರ್ದಿದ್ವಿ."

ಮೇಡಂ ಬಿಡಿಸಿ ಹೇಳಿದರು. ಭಾನುವಾರ ಹತ್ತಾರು ಮಕ್ಕಳು ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡುತ್ತಾರಂತೆ. ಮಾತಲ್ಲಿ ಮುಗಿಯದ ಜಗಳವನ್ನು ಆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮುಂದುವರಿಸುತ್ತಾರಂತೆ. ಬೇರೆಲ್ಲೂ ಗೀಚಬಾರದು, ಆ ಒಂದು ಹಾಳೆ ಮಾತ್ರ ಮಕ್ಕಳದು ಎಂದು ಇವರೇ ಬಿಟ್ಟುಕೊಟ್ಟಿದ್ದಾರೆ.

ನಮ್ಮ ಕೆಲಸ ಶುರುವಾಗುವುದೇ ಹಳೆಯ ರಟ್ಟನ್ನೂ ಅದಕ್ಕಂಟಿದ ಹಾಳೆಯನ್ನೂ ಕಿತ್ತೆಸೆಯುವುದರಿಂದ. ಗೀಚು ತೆಗೆದು ಶುಭ್ರ ಮಾಡಿಕೊಟ್ಟೆನೆಂದು ಹೆಮ್ಮೆಪಟ್ಟುಕೊಂಡಿದ್ದೆ.

"ರದ್ದಿಗೆ ಹಾಕ್ಬಿಟ್ಟೆನಲ್ಲಮ್ಮಾ."

"ಅಯ್ಯೋ, ಅದ್ರಲ್ಲಿ ನಾನೇ ಗೆಲ್ತಾ ಇದ್ದೆ ಅಂಕಲ್!"

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೋದ ಮೇಲೆ ಮೂಲೆಯ ಗೋಣಿಚೀಲ ಸುರಿದು ಹುಡುಕಿದೆ. ಆರು ಹಾಳೆ ಸಿಕ್ಕವು. ಹುಡುಗಿಯದು ಸಿಗಲಿಲ್ಲ.

ಆ ಪುಸ್ತಕಗಳನ್ನು ತರಿಸಿಕೊಂಡು, ಸಿಕ್ಕವನ್ನು ಆಯಾ ಪುಸ್ತಕಕ್ಕೆ ಮತ್ತೆ ಅಂಟಿಸಿಕೊಟ್ಟೆ. ಮುಂದಿನ ಸಲ ಅಲ್ಲಿಂದ ಪುಸ್ತಕ ಬಂದಾಗ ಕಿತ್ತ ಹಾಳೆಗಳನ್ನು ಜೋಪಾನವಾಗಿ ಎತ್ತಿಟ್ಟೆ. ಎತ್ತಿಡುತ್ತಾ ಓದಿದೆ. ಒಂದು ಪುಸ್ತಕದ ಹಿಂದೆ ಹೀಗಿತ್ತು:

"ಹುಡುಗ ಪೆದ್ದ. ಶಾಲೆ ಬಿಡಬಾರದಿತ್ತು."

"ಅಪ್ಪನ ಕಾಲು ಮುರಿದಿದೆ ಕಣೋ, ದೋಣಿ ಯಾರು ನಡೆಸಬೇಕು? ನಿಮ್ಮ ತಾತನಾ?"

"ಆದರೂ ಪೆದ್ದ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ, ಅದಕ್ಕಾಗಿ ಯಾರ ಮುಂದೆಯೂ ಅತ್ತಿಲ್ಲ. ದುಡಿದು ಮೂವರು ತಂಗಿಯರ ಮದುವೆ ಮಾಡಿದ್ದೇನೆ. ನನ್ನ ಕೈಯಲ್ಲಿ ಹಾದುಹೋಗದ ಪುಸ್ತಕವಿಲ್ಲ, ವಕೀಲರದು, ಡಾಕ್ಟರರದು, ಮಸೀದಿಯದು, ಚರ್ಚಿನದು. ಹೊಲಿಗೆ ಗಟ್ಟಿಯಿದೆಯಾ ಎಂದು ಎಲ್ಲರೂ ಕೇಳಿದ್ದಾರೆ. ಕಥೆ ಹೇಗಿತ್ತು ಎಂದು ಒಬ್ಬರೂ ಕೇಳಿಲ್ಲ. ಕೇಳಿದ್ದರೂ ಹೇಳಲು ನಾನು ಯಾವುದನ್ನೂ ಪೂರ್ತಿ ಓದಿರಲಿಲ್ಲ.

ಗಿರಾಕಿಯ ಪುಸ್ತಕವೊಂದನ್ನು, ಆ ದೋಣಿ ಹುಡುಗನದನ್ನೇ, ಮೊದಲ ಸಲ ರಾಮಮೂರ್ತಿ ನಗರದ ಮನೆಗೆ ತೆಗೆದುಕೊಂಡು ಹೋದೆ. ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕ ಕೂತೆ. ಹೆಂಡತಿ ಎರಡು ಸಲ ಇಣುಕಿ ನೋಡಿದಳು.

"ಏನ್ರೀ, ನಾಳೆ ಪರೀಕ್ಷೆನಾ?"

"ಸುಮ್ನಿರೇ, ದೋಣಿ ಮುಳುಗ್ತಾ ಇದೆ."

"ಮುಳುಗ್ಲಿ, ಮೊದ್ಲು ಊಟಕ್ಕೆ ಬನ್ನಿ."

ದೋಣಿ ಮುಳುಗಲಿಲ್ಲ. ಹುಡುಗ ಅಪ್ಪನ ಹುಟ್ಟು ಹಿಡಿದ, ಮನೆ ಉಳಿಸಿದ, ಊರವರೆಲ್ಲ ಹೊಗಳಿದರು, ಕಥೆ ಮುಗಿಯಿತು. ಪುಸ್ತಕ ಮುಚ್ಚಿಟ್ಟ ಮೇಲೂ ನನಗೆ ಸಮಾಧಾನವಿಲ್ಲ. ಹೇಳಿಕೊಳ್ಳಬೇಕು, ಆ ಮಕ್ಕಳ ನಡುವೆ ಕೂತು ಹೇಳಬೇಕು, ಯಾರಾದರೂ 'ಅದು ಹಾಗಲ್ಲ' ಎಂದು ಮೇಲೆ ಬೀಳಬೇಕು ಅನ್ನಿಸಿತು. ಐವತ್ತೆರಡು ವರ್ಷದವನಿಗೆ ಇದೆಂಥ ಆಸೆ!

ಸೋಮವಾರ ಆ ಹಾಳೆಯನ್ನು ಹೊಸ ರಟ್ಟಿನೊಳಗೆ ಅಂಟಿಸಿ, ಒಣಗಿದ ಮೇಲೆ ಕೆಳಗಿನ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ.

"ಹುಡುಗ ಪೆದ್ದನಲ್ಲ. ಆದರೆ ಪ್ರತಿ ಸಂಜೆ ದೋಣಿ ಕಟ್ಟಿ, ಆಚೆ ದಡದ ಶಾಲೆಯನ್ನು ನೋಡಿಯೇ ಮನೆಗೆ ಹೋಗಿರುತ್ತಾನೆ. ಕಥೆ ಬರೆದವರು ಅದನ್ನು ಹೇಳದೆ ಬಿಟ್ಟಿದ್ದಾರೆ."

ಹೆಸರು ಹಾಕಲಿಲ್ಲ. ಪುಸ್ತಕ ಹೋಯಿತು.

ಆಮೇಲೆ ಅಲ್ಲಿಂದ ಕಟ್ಟು ಬಂದಾಗಲೆಲ್ಲ ಮೊದಲು ಅದಕ್ಕಾಗಿ ತಡಕಾಡಿದೆ. ಬರಲಿಲ್ಲ. ಮೂರನೇ ಸಲಕ್ಕೆ ತಲೆಗೆ ಹೊಳೆಯಿತು: ಅದು ಹೇಗೆ ಬರುತ್ತದೆ? ಅದಕ್ಕೆ ಎರಡೆಳೆ ದಾರ ಹಾಕಿ, ಬೆನ್ನಿಗೆ ದಪ್ಪ ಬಟ್ಟೆ ಕೊಟ್ಟು ಕಟ್ಟಿದವನು ನಾನೇ. ಹರಿದರೆ ತಾನೇ ನನ್ನ ಬಳಿಗೆ ಬರುವುದು! ಇನ್ನು ಹದಿನೈದು ವರ್ಷ ಅದು ಅಲುಗಾಡುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಬೇಸರಪಟ್ಟೆ.

ಹಲಸೂರು ದೂರವಿಲ್ಲ. ಆದರೂ ಹೋಗಲು ಎರಡು ತಿಂಗಳು ಹಿಡಿಯಿತು. ಕೊನೆಗೊಂದು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಒಳಗೆ ಮಕ್ಕಳ ಗದ್ದಲ ನಡೆದಿತ್ತು.

"ಹೊಲಿಗೆ ಹೇಗಿದೆ ನೋಡೋಣ ಅಂತ ಬಂದೆ ಮೇಡಂ. ಆ ದೋಣಿ ಪುಸ್ತಕದ್ದು."

"ನಿಮ್ಮ ಹೊಲಿಗೆಗೇನಾಗುತ್ತೆ ಬಿಡಿ. ಅದು ಹೊರಗಿದೆ. ಕೆ.ಆರ್. ಪುರದಿಂದ ಒಬ್ಬ ಬರ್ತಾನೆ, ಮೂರು ವಾರದಿಂದ ಇಟ್ಕೊಂಡಿದಾನೆ. ಫೋನ್ ಮಾಡಿದ್ರೆ, ಲಾಸ್ಟ್ ಪೇಜಲ್ಲಿ ಯಾರೋ ಏನೋ ತಪ್ಪು ಬರ್ದಿದಾರೆ, ಇನ್ನೊಂದ್ಸಲ ಓದಿ ಉತ್ತರ ಕೊಡ್ತೀನಿ ಅಂತಾನೆ. ಜಗಳಗಂಟ."

ಪೆನ್ಸಿಲ್ ಹಿಡಿದವನು ನಾನೇ ಎಂಬುದನ್ನು ಮುಚ್ಚಿಟ್ಟುಕೊಂಡು ಕೇಳಿದೆ.

"ಯಾವಾಗ ಬರ್ತಾನೆ?"

"ಯಾವ ಭಾನುವಾರ ಬರ್ತಾನೋ. ಕೂತ್ಕೊಳ್ಳಿ, ಮಕ್ಕಳ ಮಾತು ಕೇಳಿ."

ಕೂತೆ. ಈಗ ಪ್ರತಿ ಭಾನುವಾರ ಹೋಗುತ್ತೇನೆ, ಬಾಗಿಲಿಗೆ ಮುಖ ಮಾಡಿ ಕೂರುತ್ತೇನೆ. ಅವನಿನ್ನೂ ಬಂದಿಲ್ಲ. ನಾನು ಬರೆದದ್ದು ಎಲ್ಲಿ ತಪ್ಪು ಎಂದು ಅವನ ಬಾಯಿಂದಲೇ ಕೇಳಬೇಕು.